ಆ್ಯಸಿಡ್ ಅಳೆದು ಹಾಕಿ, ಪಿಎಚ್ ನೋಡಿ ವಿಭವ ಬರೆಯಿರಿ

ಪರ್ಮಾಂಗನೇಟ್ ಟೈಟ್ರೇಶನ್‌ಗೂ ಎಲೆಕ್ಟ್ರೋಡ್ ವಿಭವದ ಪ್ರಯೋಗಕ್ಕೂ ಬರುವ ವಿದ್ಯಾರ್ಥಿಗಳು ಇದನ್ನು ಓದಿದ ಮೇಲೆಯೇ ಬ್ಯುರೆಟ್ ಮುಟ್ಟಬೇಕು.

ಮಾಡಬೇಕಾದ್ದು

ಅರ್ಧಕ್ರಿಯೆಯ ಸಮೀಕರಣದಲ್ಲಿ ಹೈಡ್ರೋಜನ್ ಅಯಾನು ಇದೆಯೇ, ಮೊದಲು ನೋಡಿ. ಇದ್ದರೆ ಕೋಷ್ಟಕದ ಅಪಕರ್ಷಣ ವಿಭವ ಪಿಎಚ್ ಸೊನ್ನೆಗೆ ಮಾತ್ರ ಸಲ್ಲುತ್ತದೆ. ನಿಮ್ಮ ದ್ರಾವಣದ ಪಿಎಚ್‌ಗೆ ನರ್ನ್ಸ್ಟ್ ಸಮೀಕರಣದಿಂದ ಲೆಕ್ಕ ಹಾಕಿ. ಪರ್ಮಾಂಗನೇಟ್ ಮ್ಯಾಂಗನಸ್ ಆಗಲು 8 ಹೈಡ್ರೋಜನ್ ಅಯಾನು, 5 ಎಲೆಕ್ಟ್ರಾನ್ ಬೇಕು. ಹಾಗಾಗಿ 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಪಿಎಚ್ ಒಂದೊಂದು ಏರಿದಂತೆ 0.0592ರ ಐದನೇ ಎಂಟರಷ್ಟು, ಅಂದರೆ ಸುಮಾರು 0.095 ವೋಲ್ಟ್ ಇಳಿಯುತ್ತದೆ. ಪಿಎಚ್ ಸೊನ್ನೆಯಲ್ಲಿ 1.51 ವೋಲ್ಟ್ ಇದ್ದದ್ದು ಪಿಎಚ್ 3ರಲ್ಲಿ ಸುಮಾರು 1.23. ಕ್ಲೋರಿನ್‌ನದು 1.36. ಪ್ರಬಲ ಆಮ್ಲದಲ್ಲಿ ಕ್ಲೋರೈಡನ್ನು ಉತ್ಕರ್ಷಿಸಬಲ್ಲ ಪರ್ಮಾಂಗನೇಟ್‌ಗೆ ಪಿಎಚ್ 3ರಲ್ಲಿ ಆ ಶಕ್ತಿಯೇ ಇರುವುದಿಲ್ಲ! ಆಮ್ಲವೂ ಇಲ್ಲಿ ಕ್ರಿಯೆಯ ಪಾಲುದಾರ ಎಂಬುದನ್ನು ಮರೆಯಬೇಡಿ.

ಸಾರರಿಕ್ತ ಸಲ್ಫ್ಯೂರಿಕ್ ಆಮ್ಲವನ್ನು ಅಳತೆ ಜಾಡಿಯಲ್ಲೇ ಅಳೆದು, ಧಾರಾಳವಾಗಿ ಹಾಕಿ. ಆಕ್ಸಾಲಿಕ್ ಆಮ್ಲವಾದರೆ 60ರಿಂದ 70 ಡಿಗ್ರಿಗೆ ಬಿಸಿಮಾಡಿ; ಮೋಹರ್ ಲವಣವನ್ನು ಬಿಸಿಮಾಡುವಂತಿಲ್ಲ.

ಪಿಎಚ್ ಮೀಟರನ್ನು ಬಫರ್‌ನಲ್ಲಿ ಸರಿಹೊಂದಿಸಿಯೇ ಬಳಸಿ.

ಮಾಡಬಾರದ್ದು

ಹೈಡ್ರೋಕ್ಲೋರಿಕ್ ಆಮ್ಲ ಬೇಡ. ಪರ್ಮಾಂಗನೇಟ್‌ನ ಒಂದು ಪಾಲು ಕ್ಲೋರೈಡಿಗೇ ಖರ್ಚಾಗಿ ರೀಡಿಂಗ್ ಏರುತ್ತದೆ. ನೈಟ್ರಿಕ್ ಆಮ್ಲವೂ ಬೇಡ, ಅದೇ ಉತ್ಕರ್ಷಣಕಾರಿ.

ತಿಳಿಗುಲಾಬಿ ಬರಬೇಕಾದ ಫ್ಲಾಸ್ಕಿನಲ್ಲಿ ಕಂದು ಬಗ್ಗಡ ಕಂಡರೆ ಆಮ್ಲ ಸಾಲಲಿಲ್ಲ, ಮ್ಯಾಂಗನೀಸ್ ಡೈಆಕ್ಸೈಡ್ ಕೂತಿದೆ ಎಂದರ್ಥ. ಅಲ್ಲಿ ನಡೆದಿರುವುದು 5 ಎಲೆಕ್ಟ್ರಾನ್‌ಗಳದಲ್ಲ, 3 ಎಲೆಕ್ಟ್ರಾನ್‌ಗಳ ಕ್ರಿಯೆ. ಮೇಲಿಂದ ಆ್ಯಸಿಡ್ ಸುರಿದು ಸರಿಮಾಡಲು ಹೋಗಬೇಡಿ. ಆ ರೀಡಿಂಗ್ ಬಿಟ್ಟು ಹೊಸದಾಗಿ ಶುರುಮಾಡಿ.

ಎಲ್ಲ ವಿಭವವೂ ಪಿಎಚ್ ಜೊತೆ ಇಳಿಯುತ್ತದೆಂದು ಕಣ್ಣುಮುಚ್ಚಿ ಬರೆಯಬೇಡಿ. ಫೆರಿಕ್–ಫೆರಸ್‌ನ 0.77 ವೋಲ್ಟ್ ಸಮೀಕರಣದಲ್ಲಿ ಹೈಡ್ರೋಜನ್ ಅಯಾನು ಇಲ್ಲ. ಆದರೆ ಆಮ್ಲ ಕಡಿಮೆಯಾಗಿ ಫೆರಿಕ್ ಹೈಡ್ರಾಕ್ಸೈಡ್ ತಳಕ್ಕಿಳಿದರೆ ಅದೂ ಕುಸಿಯುತ್ತದೆ.

ಒಂದು ಪಿಎಚ್‌ನ ವಿಭವವನ್ನು ಇನ್ನೊಂದು ಪಿಎಚ್‌ನದರಿಂದ ಕಳೆಯಬೇಡಿ. ಪಿಎಚ್ 7ರಲ್ಲಿ ಹೈಡ್ರೋಜನ್ ಎಲೆಕ್ಟ್ರೋಡಿನದು ಮೈನಸ್ 0.41, ಆಕ್ಸಿಜನ್‌ನದು 0.82; ಅಂತರ 1.23 ವೋಲ್ಟೇ. ಒಂದನ್ನು ಪಿಎಚ್ 7ರಲ್ಲೂ ಇನ್ನೊಂದನ್ನು ಸೊನ್ನೆಯಲ್ಲೂ ಹಿಡಿದರೆ ಉತ್ತರ 0.41 ವೋಲ್ಟ್ ತಪ್ಪುತ್ತದೆ.

ಪಿಎಚ್, ಉಷ್ಣಾಂಶ, ರೆಫರೆನ್ಸ್ ಎಲೆಕ್ಟ್ರೋಡಿನ ಹೆಸರು ಈ ಮೂರೂ ಇಲ್ಲದ ವಿಭವಕ್ಕೆ ರೆಕಾರ್ಡ್ ಪುಸ್ತಕದಲ್ಲಿ ಸಹಿ ಹಾಕುವುದಿಲ್ಲ.