ನಾಯಿಯ ಗುದಚೀಲಗಳು ಮತ್ತು ಒತ್ತಡದ ನಿಯಮಗಳು

ನಾಯಿಯು ಹಿಂಗಾಲುಗಳನ್ನು ಮುಂದಕ್ಕೆ ಚಾಚಿ, ಕುಳಿತಲ್ಲಿಂದಲೇ ತನ್ನ ಹಿಂಭಾಗವನ್ನು ನೆಲಕ್ಕೆ ಉಜ್ಜುತ್ತ ಸಾಗುವುದನ್ನು ನಮ್ಮ ವಾಚಕರಲ್ಲಿ ಅನೇಕರು ಕಂಡಿರಬಹುದು. ಕಂಡವರು ನಗುವುದುಂಟು, ಹೊಟ್ಟೆಯಲ್ಲಿ ಹುಳುವಾಗಿದೆಯೆಂದು ಹೇಳಿ ಸುಮ್ಮನಾಗುವುದೂ ಉಂಟು. ಹುಳುವಿನ ಬಾಧೆಯಿಂದಲೂ ಚರ್ಮದ ತುರಿಕೆಯಿಂದಲೂ ನಾಯಿಯು ಹೀಗೆ ಮಾಡಬಹುದೆಂಬುದು ನಿಜ. ಆದರೆ ಎಷ್ಟೋ ಸಲ ಇದಕ್ಕೆ ಕಾರಣವಾಗುವುದು ಗುದದ್ವಾರದ ಪಕ್ಕದಲ್ಲಿ ಅಡಗಿರುವ ಎರಡು ಚಿಕ್ಕ ಚೀಲಗಳು. ಇವು ಕಟ್ಟಿಕೊಂಡಾಗ ಕೆಲವರು ಮನೆಯಲ್ಲಿಯೇ ಒತ್ತಿ ಬರಿದು ಮಾಡುತ್ತಾರೆ. ಈ ಕೆಲಸವು ಪಶುವೈದ್ಯಕ್ಕೆ ಸೇರಿದುದಾದರೂ ಇದರ ಹಿಂದಿರುವ ತತ್ತ್ವಗಳು ನಾವು ತರಗತಿಯಲ್ಲಿ ಬೋಧಿಸುವ ಭೌತವಿಜ್ಞಾನದವೇ ಆಗಿವೆ. ಅವುಗಳನ್ನು ಮರೆತು ಕೈಹಚ್ಚಿದರೆ ಏನಾಗುವುದೆಂಬುದನ್ನು ನಾವು ಸ್ವಾನುಭವದಿಂದ ಅರಿತಿದ್ದೇವೆ.

ಚೀಲಗಳ ರಚನೆ

ಗುದದ್ವಾರವನ್ನು ಗಡಿಯಾರದ ಮುಖವೆಂದು ಭಾವಿಸಿದರೆ ಈ ಚೀಲಗಳು ಸುಮಾರಾಗಿ 4 ಮತ್ತು 8ರ ಸ್ಥಾನಗಳಲ್ಲಿ, ಚರ್ಮದ ಒಳಗೆ, ಎರಡು ಉಂಗುರಾಕಾರದ ಸ್ನಾಯುಗಳ ನಡುವೆ ಇವೆ. ಗಾತ್ರವು ನಾಯಿಯ ಮೈಕಟ್ಟನ್ನು ಅನುಸರಿಸಿ ಕಡಲೆಕಾಳಿನಿಂದ ಚಿಕ್ಕ ದ್ರಾಕ್ಷಿಯವರೆಗೆ ಇರಬಹುದು. ಪ್ರತಿಯೊಂದು ಚೀಲದಿಂದಲೂ ಒಂದು ಕಿರಿದಾದ ನಾಳವು ಹೊರಟು ಗುದದ ಅಂಚಿನಲ್ಲಿ ತೆರೆದುಕೊಳ್ಳುತ್ತದೆ. ಚೀಲದ ಗೋಡೆಯಲ್ಲಿರುವ ಗ್ರಂಥಿಗಳು ಸ್ರವಿಸುವ ದ್ರವವು ಒಳಗೆ ಸಂಗ್ರಹವಾಗುತ್ತದೆ. ಅಲ್ಲಿರುವ ಸೂಕ್ಷ್ಮಜೀವಿಗಳು ಇದನ್ನು ಒಡೆದು ಬ್ಯುಟಿರಿಕ್ ಆಮ್ಲವೇ ಮೊದಲಾದ ವಸ್ತುಗಳನ್ನು ಉಂಟುಮಾಡುತ್ತವೆ. ಕಮಟಿದ ಬೆಣ್ಣೆಯ ನಾತಕ್ಕೆ ಕಾರಣವಾದುದೂ ಇದೇ ಆಮ್ಲವೆಂದರೆ ದ್ರವದ ದುರ್ಗಂಧವನ್ನು ಊಹಿಸಬಹುದು. ನಮಗೆ ಅಸಹ್ಯವಾದ ಈ ವಾಸನೆಯು ನಾಯಿಗಳಿಗೆ ಪರಸ್ಪರ ಗುರುತಿನ ಚೀಟಿಯಂತೆ. ಎದುರಾದ ನಾಯಿಗಳು ಒಂದರ ಹಿಂಭಾಗವನ್ನು ಇನ್ನೊಂದು ಮೂಸುವುದಕ್ಕೆ ಇದೂ ಒಂದು ಕಾರಣ.

ಆರೋಗ್ಯವಂತ ನಾಯಿಯಲ್ಲಿ ಮಲವು ಹೊರಬೀಳುವಾಗ, ಒಳಗಿನಿಂದ ಮಲವೂ ಹೊರಗಿನಿಂದ ಸ್ನಾಯುವೂ ಚೀಲವನ್ನು ಅದುಮುವುದರಿಂದ ದ್ರವವು ತಾನಾಗಿಯೇ ಹೊರಡುತ್ತದೆ. ಮಲವು ಬಹುಕಾಲ ತೆಳುವಾಗಿದ್ದರೆ ಈ ಅದುಮುವಿಕೆ ಸಾಲದು. ಬೊಜ್ಜು, ಚರ್ಮದ ಅಲರ್ಜಿ ಇವುಗಳೊಡನೆಯೂ ತೊಂದರೆ ಕಾಣಿಸಿಕೊಳ್ಳುವುದುಂಟು. ಚಿಕ್ಕ ತಳಿಯ ನಾಯಿಗಳಲ್ಲಿ ಇದು ಹೆಚ್ಚು. ದ್ರವವು ನಿಂತು, ನೀರಾರಿ, ಗಟ್ಟಿಯಾಗುತ್ತದೆ.

ಮೂರು ನಿಯಮಗಳು

ಮೊದಲನೆಯದು ಪಾಸ್ಕಲನ ನಿಯಮ. ಮುಚ್ಚಿದ ದ್ರವದ ಒಂದೆಡೆ ಹಾಕಿದ ಒತ್ತಡವು ಎಲ್ಲ ದಿಕ್ಕುಗಳಿಗೂ ಸಮನಾಗಿ ಹರಡುತ್ತದೆ. ಒಂದು ಕಿಲೋಗ್ರಾಮ್ ತೂಕದಷ್ಟು ಬಲವನ್ನು 2 ಚದರ ಸೆಂಟಿಮೀಟರ್ ವಿಸ್ತಾರದ ಬೆರಳ ತುದಿಯಿಂದ ಹಾಕಿದೆವೆನ್ನೋಣ. ಆಗಿನ ಒತ್ತಡವು ಸುಮಾರು 370 ಮಿಲಿಮೀಟರ್ ಪಾದರಸದಷ್ಟು. ಎಂದರೆ ಮನುಷ್ಯನ ರಕ್ತದ ಮೇಲಿನ ಒತ್ತಡವಾದ 120ರ ಮೂರು ಪಟ್ಟಿಗಿಂತ ಹೆಚ್ಚು! ನಡುವಿನ ಮಾಂಸವು ಸ್ವಲ್ಪ ಭಾಗವನ್ನು ತಡೆದರೂ ಉಳಿದುದು ಚೀಲದ ಗೋಡೆಯ ಮೇಲೆ ಎಲ್ಲೆಡೆಯೂ ಬೀಳುತ್ತದೆ.

ಎರಡನೆಯದು ಫ್ರಾನ್ಸಿನ ವೈದ್ಯ ಪ್ವಾಸಯ್ (1797–1869) ಕಂಡುಹಿಡಿದುದು. ನಾಳದಲ್ಲಿ ಹರಿಯುವ ದ್ರವದ ಪ್ರಮಾಣವು ತ್ರಿಜ್ಯದ ನಾಲ್ಕನೆಯ ಘಾತಕ್ಕೆ ಅನುಲೋಮವಾಗಿಯೂ ಸ್ನಿಗ್ಧತೆಗೆ ವಿಲೋಮವಾಗಿಯೂ ಇರುತ್ತದೆ. ಬಾವಿನಿಂದ ನಾಳದ ತ್ರಿಜ್ಯವು ಅರ್ಧಕ್ಕಿಳಿದರೆ ಮೊದಲಿನಷ್ಟೇ ಹರಿವಿಗೆ 16 ಪಟ್ಟು ಒತ್ತಡ ಬೇಕು. ದ್ರವದ ಸ್ನಿಗ್ಧತೆಯೂ ಹತ್ತು ಪಟ್ಟು ಏರಿದ್ದರೆ 160 ಪಟ್ಟು ಬೇಕು.

ಮೂರನೆಯದು ಲಾಪ್ಲಾಸನ ಹೆಸರಿನದು. ತೆಳುವಾದ ಗೋಲದ ಗೋಡೆಯ ಸೆಳೆತವು ಒಳಗಿನ ಒತ್ತಡವನ್ನೂ ತ್ರಿಜ್ಯವನ್ನೂ ಗುಣಿಸಿದುದರ ಅರ್ಧದಷ್ಟು. ಆದುದರಿಂದ ಒತ್ತಡ ಒಂದೇ ಆಗಿದ್ದರೂ ಉಬ್ಬಿದ ಚೀಲದ ಗೋಡೆಯು ಚಿಕ್ಕ ಚೀಲದ ಗೋಡೆಗಿಂತ ಹೆಚ್ಚು ಜಗ್ಗುತ್ತದೆ. ಉಬ್ಬಿದುದೇ ಬೇಗನೆ ಹರಿಯುತ್ತದೆ.

ನಾವು ಮಾಡಿದ ತಪ್ಪು

ನಮ್ಮ ಮನೆಯ ನಾಯಿ ನಾಲ್ಕು ದಿನ ನೆಲಕ್ಕೆ ಉಜ್ಜಿಕೊಂಡಿತು. ಕ್ರಮವನ್ನು ಓದಿ ತಿಳಿದಿದ್ದ ನಾವು ಒತ್ತಿ ನೋಡಿದೆವು, ಏನೂ ಬರಲಿಲ್ಲ. ಇನ್ನಷ್ಟು ಬಲವಾಗಿ ಒತ್ತಿದೆವು. ಎಂದೂ ನಮ್ಮ ಮೇಲೆ ಗುರುಗುಟ್ಟದ ಪ್ರಾಣಿಯು ಚೀರಿ, ತಿರುಗಿ, ನಮ್ಮ ಮಣಿಕಟ್ಟನ್ನು ಹಲ್ಲಿನಿಂದ ಹಿಡಿಯಿತು; ಆದರೆ ಕಚ್ಚಲಿಲ್ಲ. ಮರುದಿನ ಬಲಗಡೆ ಕೆಂಪಗೆ ಊದಿಕೊಂಡಿತ್ತು. ಪಶುವೈದ್ಯರು ಪರೀಕ್ಷಿಸಿ, ಒಳಗೆ ಮೊದಲೇ ಕೀವಾಗಿತ್ತೆಂದೂ ನಾವು ಒತ್ತಿದುದರಿಂದ ನೋವು ಹೆಚ್ಚಿತೆಂದೂ ತಿಳಿಸಿ, ಕೊಯ್ದು, ತೊಳೆದು, ಔಷಧಿ ಕೊಟ್ಟರು. "ಹಗುರವಾಗಿ ಒತ್ತಿದರೆ ಬಾರದುದನ್ನು ಜೋರಾಗಿ ಒತ್ತಿ ತರಬಾರದು" ಎಂದರು. ಅದೇ ವಾರ ನಾವು ಪ್ವಾಸಯ್ ಸೂತ್ರವನ್ನು ಕರಿಹಲಗೆಯ ಮೇಲೆ ಬರೆದು ವಿವರಿಸಿದ್ದೆವು! ನಾಳವು ಮುಚ್ಚಿದ್ದಾಗ ಹೆಚ್ಚಿನ ಬಲವು ದ್ರವವನ್ನು ಹೊರಡಿಸದೆ ಗೋಡೆಯನ್ನೇ ಹರಿಯಲು ನೋಡುತ್ತದೆಂಬುದು ನಮಗೆ ಆಗ ಹೊಳೆಯಲಿಲ್ಲ.

ಸರಿಯಾದ ಕ್ರಮ

ತೊಂದರೆಯಿಲ್ಲದ ನಾಯಿಯ ಚೀಲಗಳನ್ನು ಮುಟ್ಟಲೇಬಾರದು. ಅನಾವಶ್ಯಕವಾಗಿ ಪದೇ ಪದೇ ಒತ್ತಿದರೆ ಬಾವು ಬರಬಹುದು. ಅಗತ್ಯವಿದ್ದರೆ ಮೊದಲ ಸಲ ಪಶುವೈದ್ಯರು ಮಾಡುವುದನ್ನು ಪಕ್ಕದಲ್ಲಿ ನಿಂತು ನೋಡಬೇಕು. ಮನೆಯಲ್ಲಿ ಮಾಡುವಾಗ ಪರಿಚಿತರೊಬ್ಬರು ನಾಯಿಯ ತಲೆಯನ್ನೂ ಕುತ್ತಿಗೆಯನ್ನೂ ಹಿಡಿದುಕೊಂಡು ಸಮಾಧಾನಪಡಿಸಲಿ. ಮಾಡುವವರು ರಬ್ಬರಿನ ಕೈಗವಸು ತೊಟ್ಟು, ನೇರವಾಗಿ ಹಿಂದೆ ನಿಲ್ಲದೆ ಒಂದು ಪಕ್ಕಕ್ಕೆ ನಿಂತು, ಬಾಲವನ್ನು ಮೇಲಕ್ಕೆತ್ತಬೇಕು. ಗುದದ ಮೇಲೆ ಒದ್ದೆ ಹತ್ತಿಯನ್ನೋ ಬಟ್ಟೆಯನ್ನೋ ಹಿಡಿದು, ಹೆಬ್ಬೆರಳನ್ನೂ ತೋರುಬೆರಳನ್ನೂ ಚೀಲಗಳ ಹೊರಬದಿಯಲ್ಲಿ, ತುಸು ಕೆಳಗೆ ಮತ್ತು ಆಳದಲ್ಲಿ ಇಡಬೇಕು. ಅಲ್ಲಿಂದ ನಾಳದ ಬಾಯಿಯ ಕಡೆಗೆ, ಒಳಕ್ಕೂ ಮೇಲಕ್ಕೂ, ಮೆಲ್ಲಗೆ ಒತ್ತಬೇಕು. ಪೇಸ್ಟಿನ ಕೊಳವೆಯನ್ನು ಬುಡದಿಂದ ಒತ್ತುವಂತೆಯೇ ಇದು. ಬಾಯಿಯ ಬಳಿ ಅದುಮಿದರೆ ದಾರಿಯೇ ಮುಚ್ಚುತ್ತದೆ. ಹಳದಿಯಿಂದ ಕಂದುಬಣ್ಣದವರೆಗಿನ ತೆಳುದ್ರವವು ಬಂದರೆ ಸಹಜ. ಎರಡು ಸಲ ಮೆಲ್ಲಗೆ ಪ್ರಯತ್ನಿಸಿದರೂ ಬಾರದಿದ್ದರೆ ಅಲ್ಲಿಗೇ ನಿಲ್ಲಿಸಬೇಕು. ಹೊರಗಿನಿಂದ ಒತ್ತಿದರೆ ಚೀಲವು ಪೂರ್ಣವಾಗಿ ಬರಿದಾಗದಿರಬಹುದು. ಒಳಗೆ ಬೆರಳಿಟ್ಟು ಬರಿದುಮಾಡುವ ವಿಧಾನವನ್ನು ಪಶುವೈದ್ಯರಿಗೇ ಬಿಡತಕ್ಕದ್ದು.

ಊತ, ಕೆಂಪು, ರಕ್ತ, ಕೀವು, ಮುಟ್ಟಿದರೆ ಚೀರುವಷ್ಟು ನೋವು — ಇವುಗಳಲ್ಲಿ ಒಂದು ಕಂಡರೂ ಕೈಹಚ್ಚಬಾರದು. ಬರಿದಾದ ಮೇಲೂ ಗಟ್ಟಿಯಾದ ಗಂಟು ಉಳಿದರೆ ಅದು ಅರ್ಬುದವಾಗಿರಬಹುದು, ತಡಮಾಡದೆ ತೋರಿಸಬೇಕು. ತೊಂದರೆಯು ಮರುಕಳಿಸುತ್ತಿದ್ದರೆ ಆಹಾರದಲ್ಲಿ ನಾರು, ತೂಕದ ಹತೋಟಿ, ಅಲರ್ಜಿಯ ಚಿಕಿತ್ಸೆ ಇವುಗಳ ಬಗ್ಗೆ ವೈದ್ಯರನ್ನು ವಿಚಾರಿಸುವುದು ಒಳ್ಳೆಯದು.

ನಮ್ಮ ನಾಯಿ ಎರಡು ವಾರಗಳಲ್ಲಿ ಗುಣಹೊಂದಿತು. ಆದರೆ ನಾವು ಹಿಂದಿನಿಂದ ಹೋದರೆ ಅದು ಇಂದಿಗೂ ಒಮ್ಮೆ ತಿರುಗಿ ನಮ್ಮ ಕೈಯನ್ನು ನೋಡುತ್ತದೆ. ಸೂತ್ರವನ್ನು ಪರೀಕ್ಷೆಗಾಗಿ ಕಲಿಯುವ ವಿದ್ಯಾರ್ಥಿಗಳು, ಅದರ ಒಂದೊಂದು ಅಕ್ಷರವೂ ಎಲ್ಲಿಯೋ ಒಂದು ಜೀವದ ನೋವಿಗೆ ಸಂಬಂಧಿಸಿರಬಹುದೆಂಬುದನ್ನು ನೆನೆದರೆ, ಅದನ್ನು ಎಂದಿಗೂ ಮರೆಯಲಾರರು.