ಓದಲಿಕ್ಕೆಂದು ಎರಡು ಸಲ ತೆತ್ತ ದುಡ್ಡು

ಖರ್ಚು ಬರೆದಿಡುವ ಚಟ ನನಗೆ ಅಪ್ಪನಿಂದ ಬಂದದ್ದು. ಮೊನ್ನೆ ಮೂರು ವರ್ಷದ ಹಿಂದಿನ ಡೈರಿ ತಿರುವುವಾಗ ಎರಡು ಕಡೆ ಒಂದೇ ಬಾಬ್ತು ಕಣ್ಣಿಗೆ ಬಿತ್ತು: ‘ಓದಲಿಕ್ಕೆ’. ಯುಗಾದಿಗೆ ಟ್ಯಾಬ್ಲೆಟ್, 16,500 ರೂಪಾಯಿ. ದೀಪಾವಳಿಗೆ ಇ-ರೀಡರ್, 11,000.

ಟ್ಯಾಬ್ಲೆಟ್ ಕೊಳ್ಳುವಾಗ ನನ್ನ ಲೆಕ್ಕ ಸರಳವಾಗಿತ್ತು. ಓದೂ ಆಯಿತು, ಸಿನಿಮಾನೂ ಆಯಿತು, ಮಗಳ ಪಾಠವೂ ಆಯಿತು. ಆದದ್ದು ಮಾತ್ರ ಬೇರೆ. ಹತ್ತು ಪುಟ ಓದುವಷ್ಟರಲ್ಲಿ ವಾಟ್ಸ್‌ಆ್ಯಪ್ ‘ಟಿಣ್’ ಅನ್ನುತ್ತಿತ್ತು. ಅದನ್ನು ನೋಡಲು ಹೋದವನು ಕ್ರಿಕೆಟ್ ಸ್ಕೋರು, ಅಡುಗೆ ವಿಡಿಯೊ ಎಂದು ಅಲೆದು ವಾಪಸಾಗುವಾಗ ರಾತ್ರಿ ಹನ್ನೊಂದೂವರೆ. ದೀಪಾವಳಿಯ ಹೊತ್ತಿಗೆ ಮುಗಿಸಿದ್ದು ಎರಡೇ ಪುಸ್ತಕ. ಅಂದರೆ ಪುಸ್ತಕಕ್ಕೆ 8,250 ರೂಪಾಯಿ ಬಿತ್ತು!

ಆ ಸಿಟ್ಟಿನಲ್ಲೇ ಇ-ರೀಡರ್ ಕೊಂಡೆ. ಅದರ ಪರದೆಯೊಳಗಿನ ಕಪ್ಪು ಬಿಳಿ ಕಣಗಳು ವಿದ್ಯುತ್ತಿನ ಸೆಳೆತಕ್ಕೆ ಸರಿದಾಡಿ ಅಕ್ಷರ ಮೂಡಿಸುತ್ತವೆ. ಮೂಡಿದ ಅಕ್ಷರ ಹಾಗೇ ನಿಲ್ಲಲು ವಿದ್ಯುತ್ ಬೇಡ, ಹಾಳೆ ಮಗುಚುವಾಗಷ್ಟೇ ಬೇಕು. ಹಾಗಾಗಿ ಒಮ್ಮೆ ಚಾರ್ಜ್ ಮಾಡಿದರೆ ವಾರಗಟ್ಟಲೆ ಚಿಂತೆಯಿಲ್ಲ, ಬಿಸಿಲಲ್ಲೂ ಕಾಗದದಂತೆ ಓದಬಹುದು. ಮಾಡಲು ಬೇರೇನೂ ಇಲ್ಲದಿರುವುದೇ ಅದರ ದೊಡ್ಡ ಗುಣ. ಮೆಟ್ರೊದಲ್ಲಿ ಓದಿ ಓದಿಯೇ ಮೂರು ವರ್ಷದಲ್ಲಿ 44 ಪುಸ್ತಕ ಮುಗಿದವು. ಯಂತ್ರದ ಬಾಬ್ತು ಪುಸ್ತಕಕ್ಕೆ 250 ರೂಪಾಯಿ.

ಇಲ್ಲಿಗೇ ನಿಲ್ಲಿಸಿದರೆ ಇ-ರೀಡರ್ ಗೆದ್ದಂತೆ. ಆದರೆ ಆ 44ರ ಪಟ್ಟಿಯಲ್ಲಿ ಕನ್ನಡದ್ದು ಒಂದೂ ಇಲ್ಲ. 2016ರ ಕೊನೆಗೆ ಅಮೆಜಾನ್ ಕಂಪನಿಯ ಇ-ರೀಡರ್ ಕಿಂಡಲ್‌ಗೆ ಭಾರತೀಯ ಭಾಷೆಗಳ ಪುಸ್ತಕ ಬಂದಾಗ ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳಂ ಇದ್ದವು, ಕನ್ನಡ ಇರಲಿಲ್ಲ. ಕನ್ನಡದ ಇ-ಪುಸ್ತಕಗಳನ್ನು ಮಾರುವ ಮೈಲ್ಯಾಂಗ್‌ನಂಥವು ಫೋನು, ಟ್ಯಾಬ್ಲೆಟ್‌ಗಳ ಆ್ಯಪ್ ಮೂಲಕ ಓದುಗರನ್ನು ತಲುಪಿದವು. ಸ್ಕ್ಯಾನ್ ಮಾಡಿದ ಹಳೆಯ ಕನ್ನಡ ಪುಸ್ತಕಗಳ ಪಿಡಿಎಫ್ ಹಾಕಿ ನೋಡಿದೆ. ಆರಿಂಚಿನ ಪರದೆಯಲ್ಲಿ ಒತ್ತಕ್ಷರಗಳು ಇರುವೆ ಸಾಲಿನಂತೆ ಕಂಡವು.

ಇನ್ನೊಂದು ನಷ್ಟವೂ ಉಂಟು. ಓದಿ ಮುಗಿಸಿದ ಅಚ್ಚಿನ ಪುಸ್ತಕವನ್ನು ಸ್ನೇಹಿತರಿಗೆ ಕೊಡಬಹುದು, ಬೆಂಗಳೂರಿನ ಅವೆನ್ಯೂ ರಸ್ತೆಯಲ್ಲಿ ಅರೆಬೆಲೆಗಾದರೂ ಮಾರಬಹುದು. ಇ-ಪುಸ್ತಕದಲ್ಲಿ ನಾವು ಕೊಳ್ಳುವುದು ಓದುವ ಅನುಮತಿ ಅಷ್ಟೆ. 2009ರಲ್ಲಿ ಅಮೆಜಾನ್, ಹಕ್ಕಿನ ತಕರಾರಿನಿಂದ, ಗ್ರಾಹಕರ ಕಿಂಡಲ್‌ಗಳೊಳಗಿದ್ದ ಪುಸ್ತಕವನ್ನೇ ದೂರದಿಂದ ಅಳಿಸಿ ದುಡ್ಡು ವಾಪಸು ಕೊಟ್ಟಿತ್ತು. ಅಳಿಸಿದ್ದು ಜಾರ್ಜ್ ಆರ್ವೆಲ್ಲರ ‘1984’!

ಹಾಗಾದರೆ ಯಾವುದು ಕೊಳ್ಳಬೇಕು? ಅಂಗಡಿಗೆ ಹೋಗುವ ಮೊದಲು ನೀವು ಪೂರ್ತಿ ಓದಿದ ಕೊನೆಯ ಹತ್ತು ಪುಸ್ತಕಗಳ ಹೆಸರು ಬರೆಯಿರಿ. ಹೆಚ್ಚಿನವು ಇಂಗ್ಲಿಷ್ ಕಾದಂಬರಿಗಳಾದರೆ ಇ-ರೀಡರ್. ಕನ್ನಡ, ಪಿಡಿಎಫ್, ಬಣ್ಣದ ಚಿತ್ರವಿರುವ ಪಠ್ಯ ಎಂದಾದರೆ ಟ್ಯಾಬ್ಲೆಟ್. ಹತ್ತು ಹೆಸರು ನೆನಪಾಗದಿದ್ದರೆ ಒಂದು ತಿಂಗಳು ಕೈಯಲ್ಲಿರುವ ಫೋನಿನಲ್ಲೇ ಒಂದು ಪುಸ್ತಕ ಮುಗಿಸಲು ನೋಡಿ. ಅದೂ ಆಗದಿದ್ದರೆ ದುಡ್ಡು ಬ್ಯಾಂಕಿನಲ್ಲೇ ಇರಲಿ.

ನನ್ನ ಟ್ಯಾಬ್ಲೆಟ್ ಈಗ ಶಿವಮೊಗ್ಗದಲ್ಲಿ ಅಮ್ಮನ ಹತ್ತಿರ ಇದೆ. ವಾಟ್ಸ್‌ಆ್ಯಪ್ ತೆಗೆದುಹಾಕಿ ಕನ್ನಡ ಪುಸ್ತಕದ ಆ್ಯಪ್ ಒಂದನ್ನೇ ಉಳಿಸಿ ಕೊಟ್ಟಿದ್ದೆ. ಕಣ್ಣಿನ ಪೊರೆ ತೆಗೆಸಿಕೊಂಡ ಮೇಲೆ ಸಣ್ಣ ಅಚ್ಚು ಓದಲಾಗದೆ ಬೇಸರಪಟ್ಟಿದ್ದ ಅಮ್ಮ ಹೋದ ವಾರ ಫೋನಿನಲ್ಲಿ, “ಅಕ್ಷರ ಎಷ್ಟ್ ದೊಡ್ಡದ್ ಬೇಕಾದ್ರೂ ಮಾಡ್ಕೋಬಹುದು ಕಣೋ, ಇಪ್ಪತ್ತನೇದು ಮುಗೀತು” ಅಂದರು. ಡೈರಿ ತೆಗೆದು ಹಳೆಯ ಲೆಕ್ಕ ತಿದ್ದಿದೆ. ನನ್ನ ಎರಡು, ಅಮ್ಮನ ಇಪ್ಪತ್ತು. ಪುಸ್ತಕಕ್ಕೆ 750 ರೂಪಾಯಿ, ಇನ್ನೂ ಇಳಿಯುತ್ತಿದೆ.