ಆಟಿ ಮಳೆ, ಕೆಂಪು ಹುಡಿ ಮತ್ತು ರಿಮೋಟ್ ಟ್ರಕ್: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನನ್ನಲ್ಲಿರುವುದು 1/10 ಅಳತೆಯ, ಹಿಂದಿನ ಚಕ್ರಗಳಿಗೆ ಮಾತ್ರ ಮೋಟಾರ್ ಬಲ ಇರುವ ಶಾರ್ಟ್ ಕೋರ್ಸ್ ಟ್ರಕ್. ಅಕ್ಟೋಬರಿನಲ್ಲಿ ಚೆನ್ನಾಗಿಯೇ ಓಡುತ್ತಿತ್ತು. ಡಿಸೆಂಬರ್ ಬಂದದ್ದೇ ತಡ, ಅದೇ ಜಾಗದಲ್ಲಿ ತಿರುವು ಮುಗಿಸಿ ಥ್ರಾಟಲ್ ಒತ್ತಿದರೆ ಹಿಂಭಾಗ ಜಾರಿ ಗಿರಕಿ ಹೊಡೆಯುತ್ತದೆ. ಗೆಳೆಯರು ಅಲ್ಯುಮಿನಿಯಂ ಆರ್ಮ್, ದುಬಾರಿ ಶಾಕ್ ಹಾಕಿಸು ಅನ್ನುತ್ತಿದ್ದಾರೆ. ಹಾಕಿಸಲೇ?
— ಇಂಜಿನಿಯರಿಂಗ್ ವಿದ್ಯಾರ್ಥಿ, ಸುರತ್ಕಲ್

ಉತ್ತರ: ಎರಡೂ ಬೇಡ ಮಾರಾಯ್ರೆ, ದುಡ್ಡು ಕಿಸೆಯಲ್ಲೇ ಇರಲಿ. ನಿಮ್ಮ ಟ್ರಕ್ ಕೆಟ್ಟಿಲ್ಲ. ಮಳೆ ಬಿಟ್ಟ ಹೊಸತರಲ್ಲಿ ನಮ್ಮ ಕೆಂಪು ಮಣ್ಣಿನಲ್ಲಿ ಇನ್ನೂ ಪಸೆ ಇರುತ್ತದೆ, ಟೈರಿನ ಹಲ್ಲು ಅದರೊಳಗೆ ಇಳಿದು ಹಿಡಿಯುತ್ತದೆ. ಡಿಸೆಂಬರ್ ಹೊತ್ತಿಗೆ ಅದೇ ನೆಲ ಮುರಕಲ್ಲಿನಷ್ಟು ಗಟ್ಟಿಯಾಗಿ, ಮೇಲೆ ತೆಳ್ಳಗೆ ಹುಡಿ ಕೂತಿರುತ್ತದೆ. ದೊಡ್ಡ ಹಲ್ಲಿನ ಟೈರಿಗೆ ಇಳಿಯಲು ಜಾಗವೇ ಇಲ್ಲ, ಹುಡಿಯ ಮೇಲೆ ತೇಲುತ್ತದೆ. ಆದ್ದರಿಂದ ಮೊದಲ ಖರ್ಚು ಹಿಂದಿನ ಒಂದು ಜೊತೆ ಟೈರ್: ಒತ್ತೊತ್ತಾಗಿ ಸಣ್ಣ ಮುಳ್ಳುಗಳಿರುವ, ಮೆತ್ತಗಿನ ರಬ್ಬರಿನದ್ದು. ಬೇಗ ಸವೆಯುತ್ತದೆ, ನಿಜ. ಆದರೆ ಶಾಕ್, ಸ್ಪ್ರಿಂಗ್, ಕ್ಯಾಂಬರ್ ಎಲ್ಲ ಸೇರಿ ಮಾಡುವುದಕ್ಕಿಂತ ಹೆಚ್ಚಿನ ಕೆಲಸವನ್ನು ಅದೊಂದೇ ಮಾಡುತ್ತದೆ.

ಆಮೇಲೆ ಟ್ರಕ್ಕಿನ ಎತ್ತರ ನೋಡಿ. ಬ್ಯಾಟರಿ ಹಾಕಿ, ಹಿಂಭಾಗವನ್ನು ಒಂದು ಗೇಣು ಎತ್ತಿ ಕೈಬಿಡಿ. ನಿಂತ ಮೇಲೆ ಹಿಂದಿನ ಡ್ರೈವ್ ಶಾಫ್ಟ್‌ಗಳು ನೆಲಕ್ಕೆ ಸಮವಾಗಿ ಅಡ್ಡಕ್ಕೆ ಇರಬೇಕು. ಚಕ್ರದ ಕಡೆಗೆ ಇಳಿಜಾರಾಗಿದ್ದರೆ ಟ್ರಕ್ ಎತ್ತರವಾಯಿತು ಎಂದರ್ಥ. ಶಾಕಿನ ಮೇಲಿರುವ ಸ್ಪ್ರಿಂಗ್ ಕಾಲರನ್ನು ಸಡಿಲಿಸಿ ಟ್ರಕ್ಕನ್ನು ಇಳಿಸಿ. ಬೀಳಿಸಿದಾಗ ಚಾಸಿ ನೆಲಕ್ಕೆ ಬಡಿದು ಕುಣಿದರೆ ಶಾಕ್ ಎಣ್ಣೆ ತೆಳು. ಇಳಿಯಲೇ ಅನುಮಾನಿಸಿದರೆ ದಪ್ಪ. ಇಂಥ ಟ್ರಕ್ಕುಗಳಿಗೆ ಹಿಂದೆ 30 ವೇಟ್, ಅಂದರೆ ಸುಮಾರು 350 ಸೆಂಟಿಸ್ಟೋಕ್ಸ್ ಸಿಲಿಕೋನ್ ಎಣ್ಣೆಯಿಂದ ಆರಂಭಿಸುವುದು ವಾಡಿಕೆ. ಚಳಿಗಾಲಕ್ಕೊಂದು ಎಣ್ಣೆ, ಬೇಸಿಗೆಗೊಂದು ಎಣ್ಣೆ ಎಂಬ ಉಪದೇಶವನ್ನು ವಿಡಿಯೊಗಳಲ್ಲಿ ನೋಡಿರುತ್ತೀರಿ. ಅದು ಹಿಮ ಬೀಳುವ ಊರಿನವರ ಚಿಂತೆ. ಮಂಗಳೂರಿನಲ್ಲಿ ಜನವರಿಗೂ ಮೇಗೂ ಉಷ್ಣತೆಯಲ್ಲಿ ಅಂಥ ಅಂತರವೇ ಇಲ್ಲ. ಇಲ್ಲಿ ಕಾಲಕ್ಕೆ ತಕ್ಕಂತೆ ಬದಲಾಗುವುದು ನೆಲ, ಬದಲಿಸಬೇಕಾದ್ದು ಟೈರು.

ಇಷ್ಟಾದರೂ ಜಾರಿದರೆ ಶಾಕಿನ ಮೇಲಿನ ತುದಿಯನ್ನು ಟವರಿನ ಒಂದು ತೂತು ಒಳಗೆ ಸರಿಸಿ, ಹಿಂಭಾಗ ಮೆದುವಾಗುತ್ತದೆ. ಬ್ಯಾಟರಿಯನ್ನು ಹಿಂದಕ್ಕೆ ಸರಿಸುವ ಅವಕಾಶ ಇದ್ದರೆ ಸರಿಸಿ. ಸ್ಲಿಪ್ಪರ್ ಕ್ಲಚ್ಚಿನ ನಟ್ಟನ್ನು ಕಾಲು ಸುತ್ತು ಸಡಿಲಿಸಿದರೆ ಮೋಟಾರಿನ ಮೊದಲ ಎಳೆತ ಅಷ್ಟೂ ಒಮ್ಮೆಗೇ ಚಕ್ರಕ್ಕೆ ಹೋಗುವುದಿಲ್ಲ. ಹಿಂದಿನ ಚಕ್ರದ ಮೇಲ್ತುದಿ ಒಂದೆರಡು ಡಿಗ್ರಿ ಒಳಕ್ಕೆ ವಾಲಿರಲಿ. ಜ್ಯಾಮಿತಿ ಪೆಟ್ಟಿಗೆಯ ಮೂಲೆಮಟ್ಟ ಸಾಕು ಅಳೆಯಲು. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಪುಸ್ತಕದಲ್ಲಿ ಬರೆದಿಡಿ. ನಾಲ್ಕನ್ನು ಒಟ್ಟಿಗೆ ತಿರುಗಿಸಿದರೆ ಯಾವುದು ಕೆಲಸ ಮಾಡಿತು ಎಂದು ಗೊತ್ತಾಗುವುದು ಹೇಗೆ?

ಇನ್ನು ಆ ಅಲ್ಯುಮಿನಿಯಂ ಆರ್ಮ್. ಪ್ಲಾಸ್ಟಿಕ್ ಆರ್ಮ್ ಕಲ್ಲಿಗೆ ಬಡಿದಾಗ ಬಾಗಿ ಮತ್ತೆ ನೇರವಾಗುತ್ತದೆ. ಅಲ್ಯುಮಿನಿಯಂ ಬಾಗಿದರೆ ಬಾಗಿಯೇ ಇರುತ್ತದೆ. ಬಾಗದಿದ್ದರೆ ಪೆಟ್ಟನ್ನು ಒಳಗಿನ ಬಲ್ಕ್‌ಹೆಡ್ಡಿಗೆ ದಾಟಿಸಿ ಅದನ್ನು ಒಡೆಯುತ್ತದೆ. ಹೊಳೆಯುತ್ತದೆ ಎಂಬುದಷ್ಟೇ ಅದರ ಹೆಚ್ಚುಗಾರಿಕೆ.

ಪ್ರಶ್ನೆ: ಮಗನ ಟ್ರಕ್ಕಿನ ಪೆಟ್ಟಿಗೆಯ ಮೇಲೆ ವಾಟರ್‌ಪ್ರೂಫ್ ಎಂದು ಬರೆದಿದೆ. ಜೂನ್‌ನಿಂದ ಅಂಗಳದ ಕೆಸರಿನಲ್ಲೇ ಓಡಿಸುತ್ತಿದ್ದಾನೆ. ಈಗ ಚಕ್ರ ಕಿರುಗುಟ್ಟುತ್ತದೆ, ಟೈರ್ ಹಿಂಡಿದರೆ ನೀರು ಬರುತ್ತದೆ. ಅವನ ಅಜ್ಜಿ ಹೇಳಿದರೆಂದು ತೆಂಗಿನೆಣ್ಣೆ ಬಿಟ್ಟಿದ್ದೇವೆ. ಬೈಕಿನ ವಾಟರ್ ಸರ್ವಿಸಿನವರಲ್ಲಿ ಒಮ್ಮೆ ತೊಳೆಸಿದರೆ ಸರಿಹೋದೀತೇ?
— ಗೃಹಿಣಿ, ಬಿಜೈ

ಉತ್ತರ: ಅಮ್ಮಾ, ವಾಟರ್ ಸರ್ವಿಸ್ ಮಾತ್ರ ಬೇಡ. ಆ ಒತ್ತಡದ ನೀರು ಬೇರಿಂಗಿನ ಮುಚ್ಚಳವನ್ನೂ ರಿಸೀವರ್ ಪೆಟ್ಟಿಗೆಯ ರಬ್ಬರನ್ನೂ ದಾಟಿ ಒಳಗೆ ಹೋಗುತ್ತದೆ.

ವಾಟರ್‌ಪ್ರೂಫ್ ಎಂಬ ಮಾತು ಅನ್ವಯಿಸುವುದು ವಿದ್ಯುತ್ ಭಾಗಗಳಿಗೆ, ಅಂದರೆ ಸ್ಪೀಡ್ ಕಂಟ್ರೋಲರ್, ಸರ್ವೋ, ರಿಸೀವರ್ ಇಷ್ಟಕ್ಕೆ. ಚಕ್ರದೊಳಗಿನ ಬೇರಿಂಗ್ ಉಕ್ಕಿನದ್ದು. ಕೆಸರು ನೀರು ಅದರ ಗ್ರೀಸನ್ನು ತೊಳೆದು ಹಾಕುತ್ತದೆ, ರಾತ್ರಿ ಕಳೆಯುವುದರೊಳಗೆ ತುಕ್ಕು ಹತ್ತುತ್ತದೆ. ನೀವು ಕೇಳುತ್ತಿರುವ ಕಿರುಗುಟ್ಟುವಿಕೆ ಅದೇ. ಚಕ್ರದ ನಟ್ ಬಿಚ್ಚಿ ಬೇರಿಂಗ್ ಹೊರತೆಗೆಯಿರಿ. ಬೆರಳಿನಲ್ಲಿ ತಿರುಗಿಸಿದಾಗ ಮರಳು ಅರೆದ ಹಾಗೆ ಅನ್ನಿಸಿದರೆ ಎಸೆದು ಹೊಸದು ಹಾಕುವುದೇ ಲೇಸು. ಈ ಅಳತೆಯ ಟ್ರಕ್ಕುಗಳಲ್ಲಿ 5×11×4 ಮಿಲಿಮೀಟರಿನ ಬೇರಿಂಗ್ ಸಾಮಾನ್ಯ. ಕೊಳ್ಳುವಾಗ ಎರಡೂ ಬದಿ ರಬ್ಬರ್ ಸೀಲ್ ಇರುವುದನ್ನು ಕೇಳಿ; ಲೋಹದ ಮುಚ್ಚಳದ್ದು ನಮ್ಮ ಮಳೆಗೆ ತಡೆಯುವುದಿಲ್ಲ. ಸ್ವಲ್ಪ ಬಿಗಿಯಷ್ಟೇ ಆಗಿದ್ದರೆ ಸೀಮೆಎಣ್ಣೆಯಲ್ಲಿ ಅದ್ದಿ ತೊಳೆದು, ಒಣಗಿಸಿ, ಹೊಲಿಗೆ ಮೆಷಿನ್ನಿನ ಎಣ್ಣೆ ಒಂದು ತೊಟ್ಟು ಬಿಡಿ. ಈ ಕೆಲಸ ದೊಡ್ಡವರೇ ಮಾಡಲಿ, ಅಡುಗೆಮನೆಯಿಂದ ದೂರ.

ಅಜ್ಜಿಯ ತೆಂಗಿನೆಣ್ಣೆ ಗೇಟಿನ ಕೊಂಡಿಗೆ ಆದೀತು. ಸುಮಾರು 24 ಡಿಗ್ರಿಗಿಂತ ಕೆಳಗೆ ಅದು ಹೆಪ್ಪುಗಟ್ಟುತ್ತದೆ, ದಿನ ಕಳೆದಂತೆ ಅಂಟಾಗುತ್ತದೆ, ಅಂಟಿಗೆ ಕೆಂಪು ಹುಡಿ ಕೂಡಿದರೆ ಉಪ್ಪುಕಾಗದವೇ. ಸ್ಪ್ರೇ ಡಬ್ಬಿಯ ಡಬ್ಲ್ಯುಡಿ-40 ಕೂಡ ನೀರನ್ನು ಹೊರತಳ್ಳಲು ಒಳ್ಳೆಯದು, ಉಳಿಯುವ ಎಣ್ಣೆ ಅಲ್ಲ. ಅದನ್ನು ಹೊಡೆದ ಮೇಲೂ ಆ ಒಂದು ತೊಟ್ಟು ಬೇಕು.

ಟೈರಿನೊಳಗೆ ಸ್ಪಂಜು ಇದೆ, ರಿಮ್ಮಿನ ಗಾಳಿತೂತಿನಿಂದ ನೀರು ಕುಡಿಯುತ್ತದೆ. ತೂತಿಗೆ ಟೇಪ್ ಅಂಟಿಸಿ, ಟೈರಿನ ನಡುಗೆರೆಯಲ್ಲಿ ಎದುರುಬದುರಾಗಿ ಎರಡು ಸಣ್ಣ ತೂತು ಮಾಡಿ. ಚಕ್ರ ಜೋರಾಗಿ ತಿರುಗುವಾಗ ನೀರು ತಾನಾಗಿ ಹೊರಚಿಮ್ಮುತ್ತದೆ. ಒದ್ದೆ ಸ್ಪಂಜು ಹೊತ್ತ ಚಕ್ರ ಭಾರವಾಗಿ ಮೋಟಾರನ್ನೂ ಗೇರನ್ನೂ ದಣಿಸುತ್ತದೆ.

ಆಟಿ ತಿಂಗಳಲ್ಲಿ ಬಿಸಿಲನ್ನು ಕಾದು ಕೂತರೆ ಆಗಲಿಕ್ಕಿಲ್ಲ. ಆಡಿದ ಕೂಡಲೇ ಬಾಲ್ದಿ ನೀರು, ಹಳೆಯ ಹಲ್ಲುಜ್ಜುವ ಬ್ರಶ್ಶು, ಆಮೇಲೆ ಫ್ಯಾನಿನ ಕೆಳಗೆ ಬಾಡಿ ಕಳಚಿ ಇಡುವುದು, ಇಷ್ಟು ಕ್ರಮ ಮಗನಿಗೆ ರೂಢಿಯಾಗಲಿ. ಚಪ್ಪಲಿ ಪೆಟ್ಟಿಗೆಯಲ್ಲಿ ಬರುವ ಸಿಲಿಕಾ ಜೆಲ್ ಪೊಟ್ಟಣಗಳನ್ನು ಕೂಡಿಸಿ ಟ್ರಕ್ಕಿನ ಪೆಟ್ಟಿಗೆಯಲ್ಲಿ ಹಾಕಿ. ಅಕ್ಕಿ ಡಬ್ಬದಲ್ಲಿ ಹೂತಿಡುವುದು ಬೇಡ, ಅಕ್ಕಿಯ ಹಿಟ್ಟು ಗೇರಿಗೆ ಸೇರುತ್ತದೆ. ರಿಮೋಟಿನ ಸೆಲ್ಲುಗಳನ್ನೂ ತೆಗೆದಿಡಿ. ಮಳೆಗಾಲ ಕಳೆದು ಮುಚ್ಚಳ ತೆರೆದಾಗ ಸ್ಪ್ರಿಂಗುಗಳು ಹಸಿರು ಹಿಡಿದಿರುವುದು ನಮ್ಮೂರಿನಲ್ಲಿ ಹೊಸತಲ್ಲ.

ಪ್ರಶ್ನೆ: ಭಾನುವಾರ ತಣ್ಣೀರುಬಾವಿ ಬೀಚಿಗೆ ಹೋಗುತ್ತೇವೆ. ಹೊಯ್ಗೆಯಲ್ಲಿ ಐದು ನಿಮಿಷ ಓಡಿ ಟ್ರಕ್ ನಿಂತುಬಿಡುತ್ತದೆ. ಸ್ವಲ್ಪ ಹೊತ್ತು ಬಿಟ್ಟರೆ ಮತ್ತೆ ಓಡುತ್ತದೆ. ಬ್ಯಾಟರಿ ಹೋಯಿತೇ?
— ಕುಳೂರಿನಿಂದ ಒಬ್ಬರು

ಉತ್ತರ: ಬ್ಯಾಟರಿ ಅಲ್ಲ, ಬಿಸಿ. ಸಡಿಲ ಹೊಯ್ಗೆಯಲ್ಲಿ ಓಡುವುದೆಂದರೆ ನಿಲ್ಲದ ಏರು ಹತ್ತಿದ ಹಾಗೆ. ಮೋಟಾರ್ ಎಳೆಯುವ ಕರೆಂಟ್ ಏರಿ, ಸ್ಪೀಡ್ ಕಂಟ್ರೋಲರ್ ತನ್ನನ್ನು ಉಳಿಸಿಕೊಳ್ಳಲು ಸಂಪರ್ಕ ಕಡಿಯುತ್ತದೆ. ಪಿನಿಯನ್ ಗೇರನ್ನು ಸಣ್ಣದು ಮಾಡಿ. 90 ಹಲ್ಲಿನ ಸ್ಪರ್ ಗೇರಿಗೆ 18 ಹಲ್ಲಿನ ಪಿನಿಯನ್ ಇದ್ದರೆ ಅನುಪಾತ 5, ಅದನ್ನು 15 ಮಾಡಿದರೆ 6. ವೇಗ ಇಳಿಯುತ್ತದೆ, ಮೋಟಾರ್ ಉಳಿಯುತ್ತದೆ. ಪಿನಿಯನ್ ಕೂರಿಸುವಾಗ ಎರಡು ಗೇರಿನ ನಡುವೆ ನೋಟ್‌ಬುಕ್ಕಿನ ಹಾಳೆಯ ಪಟ್ಟಿ ಇಟ್ಟು ಒತ್ತಿ ಸ್ಕ್ರೂ ಬಿಗಿಯಿರಿ. ಪಟ್ಟಿ ಹರಿಯದೆ ನೆರಿಗೆಯಾಗಿ ಹೊರಬಂದರೆ ಸರಿ.

ಮೋಟಾರಿನ ಬಿಸಿ ಅಳೆಯಲು ಕೊರೊನಾ ಕಾಲದಲ್ಲಿ ಕೊಂಡ ಹಣೆಯ ಥರ್ಮಾಮೀಟರ್ ತೆಗೆಯಬೇಡಿ. ಅದು ಜ್ವರದ ಅಂಕಿ ದಾಟಿದರೆ ಕೈಚೆಲ್ಲುತ್ತದೆ. ಎಲೆಕ್ಟ್ರಿಕಲ್ ಕೆಲಸದವರ ಇನ್ಫ್ರಾರೆಡ್ ಗನ್ ಬೇಕು. 70 ಡಿಗ್ರಿ ದಾಟಿದರೆ ನಿಲ್ಲಿಸಿ, 80 ದಾಟಿದರೆ ಒಳಗಿನ ಅಯಸ್ಕಾಂತಕ್ಕೂ ಕೇಡು.

ಅಲೆ ತಾಗಿ ಗಟ್ಟಿಯಾದ ಹೊಯ್ಗೆಯಲ್ಲಿ ಓಡಿಸುವುದು ಹಗುರ ಎನ್ನುವವರಿದ್ದಾರೆ. ಮೋಟಾರಿಗೆ ಹಗುರ, ಹೌದು. ಆದರೆ ಅದು ಉಪ್ಪು ನೀರು. ಮೋಟಾರಿನ ಕಾಮ್ಯುಟೇಟರಿನಿಂದ ಸ್ಕ್ರೂ ತಲೆಯವರೆಗೆ ಯಾವುದನ್ನೂ ಬಿಡುವುದಿಲ್ಲ. ಮನೆಗೆ ಬಂದು ನಾಳೆ ತೊಳೆದರಾಯಿತು ಅನ್ನಬೇಡಿ, ಕ್ಯಾನಿನಲ್ಲಿ ಸಿಹಿನೀರು ಕೊಂಡುಹೋಗಿ ಅಲ್ಲೇ ತೊಳೆಯಿರಿ. ಕಡಲ ಬದಿಯ ಕೆಲವು ಬಾವಿಗಳ ನೀರು ಬೇಸಿಗೆಯಲ್ಲಿ ಉಪ್ಪಾಗುತ್ತದೆ, ಆ ನೀರಿನಲ್ಲಿ ತೊಳೆದು ಫಲವಿಲ್ಲ. ಇನ್ನೊಂದು ಮಾತು: 2024ರ ಆರಂಭದಲ್ಲಿ ಸಸಿಹಿತ್ಲು ಕಡೆ ಆಲಿವ್ ರಿಡ್ಲೆ ಕಡಲಾಮೆಗಳು ಮೊಟ್ಟೆಯಿಟ್ಟವು. ಚಳಿಗಾಲದ ತಿಂಗಳುಗಳಲ್ಲಿ ಬೇಲಿ ಹಾಕಿದ ಜಾಗ ಕಂಡರೆ ಟ್ರಕ್ ಆಚೆಗೇ ಇರಲಿ.

ಪ್ರಶ್ನೆ: ಭಾವ ದುಬಾಯಿಯಿಂದ ರಜೆಗೆ ಬರುವಾಗ ಟ್ರಕ್ ತರುತ್ತಾರೆ. ಎರಡು ಹೆಚ್ಚುವರಿ ಲಿಪೋ ಬ್ಯಾಟರಿ ಕೂಡ ಹೇಳಿದ್ದೇನೆ. ಲಗೇಜಿನಲ್ಲಿ ಹಾಕಿದರೆ ಬಜ್ಪೆಯಲ್ಲಿ ತೊಂದರೆಯೇ?
— ತೊಕ್ಕೊಟ್ಟು

ಉತ್ತರ: ತೊಂದರೆ ಬಜ್ಪೆಯವರೆಗೆ ಬರುವುದಿಲ್ಲ, ದುಬಾಯಿಯಲ್ಲೇ ಆದೀತು. ಬಿಡಿ ಲಿಥಿಯಂ ಬ್ಯಾಟರಿಯನ್ನು ಚೆಕ್-ಇನ್ ಬ್ಯಾಗಿನಲ್ಲಿ ಹಾಕುವಂತಿಲ್ಲ, ಕೈಚೀಲದಲ್ಲೇ ತರಬೇಕು. ಸಾಮಾನ್ಯ ಮಿತಿ ಒಂದಕ್ಕೆ 100 ವ್ಯಾಟ್-ಅವರ್. ವೋಲ್ಟನ್ನು ಆಂಪಿಯರ್-ಅವರಿನಿಂದ ಗುಣಿಸಿದರೆ ಲೆಕ್ಕ ಸಿಗುತ್ತದೆ: 11.1 ವೋಲ್ಟಿನ 5000 ಎಂಎಎಚ್ ಬ್ಯಾಟರಿ 55.5 ಆಗುತ್ತದೆ, ಮಿತಿಯೊಳಗೆ. ಕನೆಕ್ಟರಿನ ತುದಿಗೆ ಟೇಪ್ ಸುತ್ತಿ, ಒಂದೊಂದನ್ನೂ ಬೇರೆ ಬೇರೆ ಚೀಲದಲ್ಲಿ ಇಡಲು ಹೇಳಿ. ಎಷ್ಟು ತರಬಹುದು ಎಂದು ವಿಮಾನ ಕಂಪನಿಯಲ್ಲಿ ಮೊದಲೇ ವಿಚಾರಿಸಲಿ. ಅಲ್ಲಿಯ ಚಾರ್ಜರಿಗೆ ಚೌಕ ಕಾಲಿನ ಪ್ಲಗ್ ಇರುತ್ತದೆ, ಅಡಾಪ್ಟರ್ ಬೇಕು.

ಬಂದ ಮೇಲಿನ ಮಾತು ಹೆಚ್ಚು ಮುಖ್ಯ. ಲಿಪೋ ಒಂದು ಸೆಲ್ ತುಂಬಿದಾಗ 4.2 ವೋಲ್ಟ್, 3ಕ್ಕಿಂತ ಕೆಳಗಿಳಿದರೆ ಹಾಳು. ಸ್ಪೀಡ್ ಕಂಟ್ರೋಲರಿನಲ್ಲಿ ಲಿಪೋ ಕಟ್-ಆಫ್ ಚಾಲೂ ಇದೆಯೇ ನೋಡಿಕೊಳ್ಳಿ. ವಾರಗಟ್ಟಲೆ ಆಡದಿದ್ದರೆ 3.8ರ ಆಸುಪಾಸಿನಲ್ಲಿ ಇಡಿ. ತುಂಬಿಸಿಟ್ಟ ಬ್ಯಾಟರಿ ಬೇಗ ಮುದಿಯಾಗುತ್ತದೆ. 5000 ಎಂಎಎಚ್‌ನದ್ದನ್ನು 5 ಆಂಪಿಯರಿನಲ್ಲಿ, ಬ್ಯಾಲೆನ್ಸ್ ತಂತಿ ಸಿಕ್ಕಿಸಿಯೇ ಚಾರ್ಜ್ ಮಾಡಿ. ಮಂಚದ ಮೇಲೆ ಬೇಡ, ರಾತ್ರಿ ಹಚ್ಚಿ ಮಲಗುವುದೂ ಬೇಡ. ಚಿಟ್ಟೆಯ ಸಿಮೆಂಟು ನೆಲದ ಮೇಲೆ, ಕಣ್ಣೆದುರು. ಉಬ್ಬಿದ್ದನ್ನು ಇನ್ನೊಂದು ಸಲ ಅಂತ ಹಚ್ಚಬೇಡಿ. ಅದು ಇ-ತ್ಯಾಜ್ಯದವರಿಗೆ ಹೋಗಬೇಕು, ಪಾಲಿಕೆಯ ಕಸದ ಗಾಡಿಗಲ್ಲ.

ಪ್ರಶ್ನೆ: ನೆಹರೂ ಮೈದಾನದಲ್ಲಿ ಸಂಜೆ ಓಡಿಸಬಹುದೇ?
— ಪಾಂಡೇಶ್ವರ

ಉತ್ತರ: ಸಂಜೆ ಬೇಡ. ಲೆಕ್ಕ ಹಾಕಿ ನೋಡಿ: 2.2 ಕಿಲೋ ತೂಕದ ಟ್ರಕ್ ಗಂಟೆಗೆ 50 ಕಿಲೋಮೀಟರಿನಲ್ಲಿ ಬರುವಾಗ ಅದರಲ್ಲಿ ಸುಮಾರು 210 ಜೂಲ್ ಶಕ್ತಿ ಇರುತ್ತದೆ. 130ರ ವೇಗದಲ್ಲಿ ಬರುವ 160 ಗ್ರಾಮಿನ ಕ್ರಿಕೆಟ್ ಚೆಂಡಿನಲ್ಲಿ ಇರುವುದು ಅದರ ಅರ್ಧ. ಅಲ್ಲಿ ಆಡುವ ಮಕ್ಕಳ ಮೊಣಕಾಲಿಗೆ ಪ್ಯಾಡ್ ಇರುವುದಿಲ್ಲ. ಭಾನುವಾರ ಬೆಳಕು ಹರಿಯುವ ಹೊತ್ತಿಗೆ ಮೂಲೆ ಖಾಲಿ ಇದ್ದರೆ, ಅಲ್ಲಿದ್ದವರನ್ನು ಕೇಳಿ ಓಡಿಸಿ. ಮೊದಲು ರಿಮೋಟ್ ಆನ್, ಆಮೇಲೆ ಟ್ರಕ್. ಮುಗಿಸುವಾಗ ಮೊದಲು ಟ್ರಕ್ ಆಫ್. ಸಿಗ್ನಲ್ ತಪ್ಪಿದರೆ ಬ್ರೇಕ್ ಹಿಡಿಯುವಂತೆ ಫೇಲ್‌ಸೇಫ್ ಹೊಂದಿಸಿಕೊಳ್ಳಿ. ಇನ್ನೂ ಒಳ್ಳೆಯ ಜಾಗ ಬೇಕೆಂದರೆ ಕೊಯ್ಲು ಮುಗಿದ ಗದ್ದೆ, ಯಜಮಾನರನ್ನು ಕೇಳಿಕೊಂಡು. ಅಡಿಕೆ ತೋಟದ ಹಳೆಯ ಕರಿ ಪೈಪುಗಳನ್ನು ಹಾಸಿದರೆ ಟ್ರ್ಯಾಕಿನ ಗೆರೆಯಾಯಿತು. ಕೈಬಿಟ್ಟ ಕೆಂಪುಕಲ್ಲಿನ ಕೋರೆಗಳ ಹತ್ತಿರ ಮಾತ್ರ ಹೋಗಬೇಡಿ, ಮಳೆಗಾಲದಲ್ಲಿ ತುಂಬಿದ ನೀರಿನ ಆಳ ಮೇಲಿನಿಂದ ಕಾಣುವುದಿಲ್ಲ.

ಪ್ರಶ್ನೆ: ಚಿಕ್ಕಪ್ಪ ಮಸ್ಕತ್‌ನಿಂದ ಹಿಂದೊಮ್ಮೆ ತಂದ ನೈಟ್ರೋ ಇಂಜಿನ್ನಿನ ಟ್ರಕ್ ಅಟ್ಟದಲ್ಲಿ ಸಿಕ್ಕಿತು. ಪೆಟ್ರೋಲ್ ಹಾಕಿ ಓಡಿಸಬಹುದೇ? ಇಂಧನ ಮನೆಯಲ್ಲೇ ತಯಾರಿಸುವ ವಿಡಿಯೊ ಇದೆ.
— ಕಂಕನಾಡಿ

ಉತ್ತರ: ಪೆಟ್ರೋಲಿನಲ್ಲಿ ಓಡುವುದಿಲ್ಲ. ಆ ಇಂಜಿನ್ನಿಗೆ ಬೇಕಾದ್ದು ಮೆಥನಾಲ್, ನೈಟ್ರೋಮೀಥೇನ್, ಹರಳೆಣ್ಣೆ ಅಥವಾ ಸಿಂಥೆಟಿಕ್ ಎಣ್ಣೆ ಕೂಡಿದ ಇಂಧನ; ನಯಗೊಳಿಸುವ ಎಣ್ಣೆಯೂ ಅದರೊಳಗೇ ಇರುತ್ತದೆ. ವಿಡಿಯೊ ಮರೆತುಬಿಡಿ. ಮೆಥನಾಲ್ ವಿಷ, ಉರಿದರೆ ಬೆಂಕಿ ಹಗಲಿನಲ್ಲಿ ಕಣ್ಣಿಗೇ ಕಾಣದು. ಅಟ್ಟದಲ್ಲಿ ಅದರ ಹಳೆಯ ಡಬ್ಬಿ ಉಳಿದಿದ್ದರೆ ಅದೂ ಬೇಡ, ಮೆಥನಾಲ್ ಗಾಳಿಯ ತೇವ ಹೀರುತ್ತದೆ. ನಮ್ಮ ಗಾಳಿಯಲ್ಲಿ ತೇವಕ್ಕೆ ಬರಗಾಲವೇ?

ಓಡಿಸಲೇಬೇಕೆಂಬ ಆಸೆ ಇದ್ದರೆ ಚಾಸಿಗೆ ಬ್ರಶ್‌ಲೆಸ್ ಮೋಟಾರ್ ಕೂರಿಸಬಹುದು, ಲೇತ್ ಕೆಲಸ ಬಲ್ಲವರು ಮೋಟಾರಿನ ಪಟ್ಟಿ ಮಾಡಿಕೊಟ್ಟಾರು. ಇಂಜಿನ್ ಚಿಕ್ಕಪ್ಪನ ನೆನಪಿಗೆಂದು ಹಾಗೇ ಇರಲಿ ಎನ್ನುವುದಾದರೆ ಗ್ಲೋ ಪ್ಲಗ್ ಬಿಚ್ಚಿ, ಒಳಗೆ ತೆಳು ಎಣ್ಣೆಯ ನಾಲ್ಕು ತೊಟ್ಟು ಬಿಟ್ಟು, ಫ್ಲೈವೀಲನ್ನು ಕೈಯಲ್ಲಿ ನಿಧಾನವಾಗಿ ತಿರುಗಿಸಿ. ಬಿಗಿಯಾಗಿದ್ದರೆ ಬಲ ಹಾಕಬೇಡಿ, ಹಳೆಯ ಹರಳೆಣ್ಣೆ ಅಂಟಾಗಿ ಹಿಡಿದಿರುತ್ತದೆ. ಹೇರ್ ಡ್ರೈಯರಿನಲ್ಲಿ ಬಿಸಿ ಮಾಡಿದರೆ ಬಿಡುತ್ತದೆ. ಇಡುವಾಗ ಪಿಸ್ಟನ್ ಕೆಳಗಿರಲಿ. ಸಿಲಿಂಡರ್ ಮೇಲ್ತುದಿಯಲ್ಲಿ ಕಿರಿದು, ಅಲ್ಲಿ ನಿಲ್ಲಿಸಿದರೆ ಮತ್ತೆ ಕಚ್ಚಿಕೊಳ್ಳುತ್ತದೆ.